ಟೊಮೆಟೊ ಹಾಕದ ಹನಮಂತ

ಹನಮಂತ ಈ ಸಲ ಟೊಮೆಟೊ ಹಾಕಲಿಲ್ಲ. ಆಗಿದ್ದು ಇಷ್ಟೇ. ಅವನು ಯಾರ ಮನೆಯಲ್ಲೂ ಕದಿಯಲಿಲ್ಲ, ಯಾರ ಕಾಂಪೌಂಡಿಗೂ ಉಗುಳಲಿಲ್ಲ, ಬಾಡಿಗೆಯನ್ನು ತಡ ಮಾಡಿದವನೂ ಅಲ್ಲ. ಆದರೂ ಬಿಟಿಎಂ ಲೇಔಟಿನ ಆ ಅಡ್ಡರಸ್ತೆಯಲ್ಲಿ ಅವನನ್ನು ಕಂಡರೆ ಸಾಕು, ಹೆಂಗಸರು ರಂಗೋಲಿ ಅರ್ಧಕ್ಕೆ ಬಿಟ್ಟು ಒಳಗೆ ಹೋಗುವ ಹಾಗಾಗಿತ್ತು.

ಹನಮಂತ ಬಾಗಲಕೋಟೆ ಕಡೆಯವನು. ಮಡಿವಾಳದ ಒಂದು ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ಹೆಂಡತಿ ಅನ್ನಪೂರ್ಣಳ ಜೊತೆ ಈಶ್ವರಮ್ಮ ಎಂಬುವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದ. ಪಕ್ಕದಲ್ಲೇ ಒಂದು ಮೂವತ್ತು-ನಲವತ್ತರ ಖಾಲಿ ಸೈಟು. ಅದರ ಒಡತಿ ಕಮಲಾದೇವಿ ಗಿರಿನಗರದಲ್ಲಿದ್ದರು. ಬೀದಿಯವರೆಲ್ಲ ಒಡೆದ ಕಮೋಡು, ಗಾರೆ ಚೂರು, ಸತ್ತ ಇಲಿ ಎಲ್ಲವನ್ನೂ ತಂದು ಅಲ್ಲಿಗೇ ಸುರಿಯುತ್ತಿದ್ದರು. ಉಳಿದ ಜಾಗದಲ್ಲಿ ಎದೆಯೆತ್ತರಕ್ಕೆ ಕಾಂಗ್ರೆಸ್ ಗಿಡ ಬೆಳೆದಿತ್ತು. ಅದನ್ನು ನೋಡಿ ನೋಡಿ ಹನಮಂತನ ಕೈ ತುರಿಸಿತು. ಗಿರಿನಗರಕ್ಕೆ ಹೋಗಿ ಕೇಳಿಕೊಂಡ. "ಏನಾದ್ರೂ ಬೆಳ್ಕೊಳಪ್ಪ, ಕಸ ಬೀಳೋದು ತಪ್ಪುತ್ತೆ. ಆದ್ರೆ ಗುಡಿಸಲು ಗಿಡಿಸಲು ಏಳಿಸಿದ್ರೆ ನೋಡು!" ಎಂದು ಕಮಲಾದೇವಿ ಒಪ್ಪಿದರು.

ಮೊದಲ ಸಲ ಟೊಮೆಟೊ ಹಾಕಿದ. ಅಬ್ಬಾ, ಏನು ಹಣ್ಣು ಅಂತೀರಿ! ಇಬ್ಬರೇ ಇದ್ದ ಮನೆ, ಎಷ್ಟು ತಿಂದಾರು? ಬೀದಿಗೆಲ್ಲ ಹಂಚಿದ. ಮನೆ ಮನೆಯಲ್ಲೂ ಅವನ ಟೊಮೆಟೊ ಸಾರು, ಅವನ ಟೊಮೆಟೊ ಗೊಜ್ಜು, ಅವನದೇ ಹೊಗಳಿಕೆ. ಹೊಗಳಿಕೆ ಅವನ ತಲೆಗೇರಿತು. ಎರಡನೇ ಸಲವೂ ಟೊಮೆಟೊನೇ ಹಾಕಿದ. ಈ ಸಲ ಎಲೆ ಮುರುಟಿತು, ಹಣ್ಣು ಗೋಲಿ ಗಾತ್ರಕ್ಕೆ ನಿಂತಿತು, ಅದರೊಳಗೂ ಹುಳ ಸೇರಿತು. ಬೀದಿಯವರು ಅದನ್ನೂ ಬಿಡದೆ ಹುಳ ತೆಗೆದು ತಿಂದರು, ಆ ಮಾತು ಬೇರೆ. ಆದರೆ ಹನಮಂತನಿಗೆ ತಲೆ ತಗ್ಗಿಸುವಂತಾಯಿತು. ಒಂದೇ ಹೊಲಕ್ಕೆ ಒಂದೇ ಬೆಳೆಯನ್ನು ಬೆನ್ನುಬೆನ್ನಿಗೆ ಹಾಕುವ ದಡ್ಡತನವನ್ನು ಅವನ ಊರಿನಲ್ಲಿ ಯಾರೂ ಮಾಡುತ್ತಿರಲಿಲ್ಲ. ಒಂದು ವರ್ಷ ಜೋಳವಾದರೆ ಮುಂದಿನ ವರ್ಷ ಕಡಲೆ, ಅದರ ಮುಂದೆ ಮತ್ತೊಂದು. ಬೆಂಗಳೂರಿನ ನೀರು ಕುಡಿದು ತಾನು ಅದನ್ನು ಮರೆತೆನಲ್ಲ ಎಂದು ತನ್ನನ್ನೇ ಬೈದುಕೊಂಡು, ಮುಂಗಾರಿಗೆ ಇಡೀ ಸೈಟಿಗೆ ಹೆಸರುಕಾಳು ಬಿತ್ತಿದ.

ಬಿತ್ತಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಬೆಂಗಳೂರಿಗೆ ಬಂದಾಗಿನಿಂದ ಅನ್ನಪೂರ್ಣಳಿಗೆ ಸರಿಯಾದ ಜೋಳದ ಹಿಟ್ಟು ಸಿಕ್ಕಿರಲಿಲ್ಲ. ಅಂಗಡಿಯ ಹಿಟ್ಟು ಯಾವ ಕಾಲದ್ದೋ ಏನೋ, ರೊಟ್ಟಿ ಬಡಿಯಲು ಕೂತರೆ ಅಂಚೆಲ್ಲ ಬಿರಿದು ಹಂಚಿಗೆ ಹಾಕುವಷ್ಟರಲ್ಲಿ ಹೋಳಾಗುತ್ತಿತ್ತು. ಒಂದು ದಿನ ಅದನ್ನು ನೋಡಿದ ಈಶ್ವರಮ್ಮ, "ನಿಮ್ ಕಡೆ ರೊಟ್ಟಿ ಅಂದ್ರೆ ಇದೇನಾ? ಇದಕ್ಕಿಂತ ನಮ್ ಮುದ್ದೆನೇ ವಾಸಿ, ಒಡೆಯೋ ಮಾತೇ ಇಲ್ಲ" ಎಂದುಬಿಟ್ಟಿದ್ದರು. ಅಂದು ಅನ್ನಪೂರ್ಣ ಉಣ್ಣಲಿಲ್ಲ.

"ಹೊಸ ಜ್ವಾಳ ಬೆಳದ ಕೊಡ್ರಿ ನನಗ. ಈ ಓಣಿ ಮಂದಿನ್ನೆಲ್ಲ ಸಾಲಾಗಿ ಕುಂದರಿಸಿ, ಚಂದ್ರಾಮನಂಥಾ ರೊಟ್ಟಿ ಬಡದ ತೋರಸ್ತೀನಿ" ಎಂದಳು. ಹನಮಂತ ಮಾತು ಕೊಟ್ಟ. ಟೊಮೆಟೊ ಎರಡು ಸಲ ಹೀರಿ ಬಿಟ್ಟ ಮಣ್ಣಿಗೆ ಮೊದಲು ಹೆಸರು. ಅದನ್ನು ಬಿಡಿಸಿಕೊಂಡ ಮೇಲೆ ಸೊಪ್ಪನ್ನು ಅಲ್ಲೇ ಮಗುಚಿ ಹಾಕಿ, ನವರಾತ್ರಿ ಹೊತ್ತಿಗೆ ಬಿಳಿಜೋಳ. ಊರಿನಿಂದ ಬೀಜವೂ ಬಂದು ಬಟ್ಟೆಯ ಗಂಟಿನಲ್ಲಿ ಕಾಯುತ್ತಿತ್ತು.

ಹೀಗಿರುವಾಗ, ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹನಮಂತ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ಮಹಡಿ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡುತ್ತಾನೆ, ಈಶ್ವರಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಅವನ ಹೆಸರುಕಾಳಿನ ಸಾಲಿನಲ್ಲಿ ಕೂತು ಕುಡುಗೋಲಿನಿಂದ ಗುಂಡಿ ತೋಡುತ್ತಿದ್ದಾರೆ. ಪಕ್ಕದಲ್ಲಿ ಒಂದು ತಟ್ಟೆ ತುಂಬ ಟೊಮೆಟೊ ಸಸಿ!

"ಏ ಏ ಏ! ಏನ್ ಮಾಡಾಕತ್ತೀರಿ ಅಮ್ಮಾರ!" ಎಂದು ನೊರೆ ಚಿಮ್ಮಿಸುತ್ತಾ ಹನಮಂತ ಓಡಿ ಬಂದ.

"ನೀವು ಆಫೀಸು ಗೀಫೀಸು ಅಂತ ಬಿಜಿ ಇರ್ತೀರ, ಟೊಮೆಟೊ ಹಾಕೋದು ಮರೆತಿರ್ತೀರ ಅಂತ ನಾನೇ ನರ್ಸರಿಯಿಂದ ತರಿಸ್ದೆ ಹನುಮಂತಪ್ಪ. ನೋಡಿ, ಎಷ್ಟು ಫಸ್ಟ್ ಕ್ಲಾಸಾಗಿದೆ!"

"ಮರತಿಲ್ರಿ. ಬೇಕಂತನ ಹಾಕಿಲ್ಲ."

ಈಶ್ವರಮ್ಮನವರ ಕೈಯಲ್ಲಿದ್ದ ಕುಡುಗೋಲು ಅಲ್ಲೇ ನಿಂತಿತು. "ಬೇಕಂತ್ಲೇ? ಮಾರ್ಕೆಟ್‌ನಲ್ಲಿ ಟೊಮೆಟೊ ಮುಟ್ಟೋಕಾಗ್ತಿಲ್ಲ, ಬೀದಿಯವರೆಲ್ಲ ಹುಣಸೆಹಣ್ಣು ಕಿವುಚ್ಕೊಂಡು ಕೂತಿದ್ದೀವಿ, ನೀವು ಬೇಕಂತ್ಲೇ ಹಾಕಿಲ್ವಾ? ನಾವು ನಾಲ್ಕು ಹಣ್ಣು ತಿಂದಿದ್ದು ಅಷ್ಟು ಹೊಟ್ಟೆ ಉರೀತಾ ನಿಮಗೆ?"

ಬಿಟ್ಟಿ ತಿಂದ ಬಾಯಿಗೆ ಎಷ್ಟು ಬೇಗ ಹಕ್ಕು ಬಂದುಬಿಡುತ್ತದೆ ನೋಡಿ! ಹನಮಂತ ಲುಂಗಿ ಎತ್ತಿ ಕಟ್ಟಿ, ಈಶ್ವರಮ್ಮನವರಿಗೂ ಹೆಸರಿನ ಗಿಡಗಳಿಗೂ ನಡುವೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ. ಗಲ್ಲದ ಮೇಲೆ ನೊರೆ ಇನ್ನೂ ಹಾಗೇ ಇತ್ತು.

"ಇನ್ನೊಂದು ಗಿಡ ಕೀಳಬೇಕಂದ್ರ ನನ್ನ ಕಿತ್ತ ಮ್ಯಾಲ ಕೀಳ್ರಿ" ಎಂದ.

ಈಶ್ವರಮ್ಮ ಸಿಟ್ಟಿನಿಂದ ಪಕ್ಕದ ಸಾಲಿನ ಗಿಡವೊಂದನ್ನು ಸರಕ್ಕನೆ ಕಿತ್ತೇ ಬಿಟ್ಟರು. ಕಿತ್ತವರು ಬೇರನ್ನು ನೋಡಿ ಹಾವು ಹಿಡಿದವರ ಹಾಗೆ ಕಿರುಚಿಕೊಂಡರು. "ಅಯ್ಯಯ್ಯೋ! ಬೇರು ತುಂಬಾ ಗುಳ್ಳೆ! ಸಿಡುಬು ಎದ್ದಂಗಿದೆ ಕಣ್ರೀ!"

ಆ ಕೂಗಿಗೆ ಬೀದಿಗೆ ಬೀದಿಯೇ ಬಂದು ಸೇರಿತು. ಎಲ್ಲರಿಗಿಂತ ಮುಂದೆ ಮುತ್ತುರಾಜರು ಬಂದರು. ಇವರು ಬೀದಿಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು. ಮೂವತ್ತು ವರ್ಷ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಕಾರ್ಖಾನೆ ಬಿಟ್ಟರೂ ಶಿಫ್ಟು ಅವರನ್ನು ಬಿಟ್ಟಿರಲಿಲ್ಲ. ಕೊರಳಲ್ಲಿ ಸೀಟಿ ಹಾಕಿಕೊಂಡೇ ಓಡಾಡುತ್ತಿದ್ದರು. ಬೀದಿಗೆ ನೀರು ಬಿಡುವುದು, ಕಸದ ಗಾಡಿ, ಸಾರ್ವಜನಿಕ ಗಣೇಶನ ಮುಂದೆ ಕಾವಲು, ಎಲ್ಲದಕ್ಕೂ ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು ಎಂದು ಹಂಚಿ ಸೀಟಿ ಊದುತ್ತಿದ್ದರು.

ಬೇರನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, "ಸಾಂಕ್ರಾಮಿಕ" ಎಂದರು. "ಇದು ನೆಲದೊಳಗೇ ಹರಡುತ್ತೆ. ಇವತ್ತು ಇಲ್ಲಿ, ನಾಳೆ ನಿಮ್ಮ ಮನೆ ಕರಿಬೇವು, ನಾಡಿದ್ದು ನಮ್ಮ ತುಳಸಿ."

"ಸರ, ಅದು ರೋಗ ಅಲ್ರಿ. ಅದು ಭೂಮಿಗೆ ಗೊಬ್ಬರ ಮಾಡೋ..."

"ನೀವು ಸುಮ್ನಿರ್ರೀ! ನೀವೇ ಇದನ್ನ ತಂದು ಬಿತ್ತಿರೋರು." ಮುತ್ತುರಾಜರು ಸೀಟಿ ಊದಿದರು. ಸಂಘದವರು ಚರಂಡಿಗೆ ಹಾಕಲು ಇಟ್ಟಿದ್ದ ಫಿನಾಯಿಲಿನ ಕ್ಯಾನು ಬಂತು.

ಹನಮಂತ ಸಾಲಿನ ಮುಂದೆ ಅಡ್ಡ ಮಲಗಿದ. "ಹಾಕೂದಾದ್ರ ಮೊದಲ ನನ್ನ ಮ್ಯಾಲ ಹಾಕ್ರಿ!"

ಅವನ ಮೇಲೆ ಹಾಕುವ ಇರಾದೆ ಮುತ್ತುರಾಜರಿಗೆ ಖಂಡಿತ ಇರಲಿಲ್ಲ. ಅವನನ್ನು ದಾಟಿ ಆಚೆ ಸಾಲಿಗೆ ಹೋಗೋಣವೆಂದು ಕಾಲೆತ್ತಿದರು, ಪಂಚೆ ಬೇಲಿ ಮುಳ್ಳಿಗೆ ಸಿಕ್ಕಿತು, ಕ್ಯಾನು ಕೈಜಾರಿತು. ಎದೆಯಿಂದ ಲುಂಗಿಯವರೆಗೆ ಹನಮಂತ ತೊಯ್ದು ಹೋದ. ಒಂದು ಹನಿಯೂ ಹೆಸರಿನ ಗಿಡದ ಮೇಲೆ ಬೀಳಲಿಲ್ಲ. ಅಷ್ಟರಲ್ಲಿ ಮಹಡಿಯಿಂದ ಅನ್ನಪೂರ್ಣಳ ದನಿ ಕೇಳಿಸಿತು.

"ಏಳಬ್ಯಾಡ್ರೀ! ಅಲ್ಲೇ ಇರ್ರಿ! ಚಾ ಅಲ್ಲೇ ತರ್ತೀನಿ!"

ಈಶ್ವರಮ್ಮನವರಿಗೆ ಇನ್ನು ತಡೆಯಲಾಗಲಿಲ್ಲ. ಮನೆಯೊಳಗೆ ಹೋಗಿ ಗಿರಿನಗರಕ್ಕೆ ಫೋನು ತಿರುಗಿಸಿದರು. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. "ಕಮಲಮ್ಮಾ, ನಿಮ್ಮ ಸೈಟಲ್ಲಿ ನಮ್ಮ ಬಾಡಿಗೆಯವರು ಮಲಗಿಬಿಟ್ಟಿದ್ದಾರೆ. ಎಷ್ಟು ಹೇಳಿದ್ರೂ ಏಳಲ್ಲ ಅಂತಾರೆ" ಎಂದರು. ಆ ಕಡೆಯಿಂದ ಫೋನು ಧಡ್ ಎಂದು ಕೆಳಗೆ ಬಿದ್ದ ಸದ್ದು ಬಂತು.

ಕಮಲಾದೇವಿಗೆ ಈ ವಿಷಯದಲ್ಲಿ ಹಳೆಯ ಗಾಯವಿತ್ತು. ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಹೊಸಕೋಟೆ ಹತ್ತಿರ ಅವರ ಮಾವನವರ ಹೊಲ ಗೇಣಿಯವನಿಗೆ ಹೋಗಿತ್ತು. ಅಂದಿನಿಂದ ಮನೆ ಮುಂದಿನ ಕುಂಡಕ್ಕೆ ತೋಟದವನು ನೀರು ಹಾಕಿದರೂ ಅವರಿಗೆ ಎದೆ ಡವಡವ ಅನ್ನುತ್ತಿತ್ತು. ಆಟೋ ಹಿಡಿದು ಅವರು ಬಂದು ಇಳಿದಾಗ ಕಂಡದ್ದೇನು? ಸೈಟಿನ ನಟ್ಟನಡುವೆ ಹನಮಂತ ಕೂತಿದ್ದಾನೆ, ಕೈಯಲ್ಲಿ ಚಹದ ಲೋಟ, ಮುಂದೆ ಉಪ್ಪಿಟ್ಟಿನ ತಟ್ಟೆ, ಒಗ್ಗರಣೆಯೂ ಫಿನಾಯಿಲೂ ಬೆರೆತ ವಾಸನೆ. ಹಿಂದೆ ಹೆಂಡತಿ ಕೊಡೆ ಹಿಡಿದು ನಿಂತಿದ್ದಾಳೆ.

"ಅಯ್ಯೋ ದೇವ್ರೇ, ಸಂಸಾರನೇ ಹೂಡಿಬಿಟ್ಟಿದ್ದೀಯಲ್ಲಪ್ಪಾ!" ಎಂದು ಕಮಲಾದೇವಿ ತಲೆಯ ಮೇಲೆ ಕೈ ಹೊತ್ತರು.

"ನಾಳೆನೇ ಖಾಲಿ ಮಾಡ್ಸಿ ಮೇಡಂ" ಎಂದರು ಮುತ್ತುರಾಜರು. "ಸೈಟಿಗೆ ರೋಗ ಹಿಡಿದಿದೆ."

"ಟೊಮೆಟೊನೂ ಹಾಕಿಲ್ಲ" ಎಂದು ಈಶ್ವರಮ್ಮ ಸೇರಿಸಿದರು.

ಹನಮಂತ ಎದ್ದು ನಿಂತ. ಫಿನಾಯಿಲಿನಿಂದ ಕಣ್ಣು ಉರಿಯುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಜೋಳದ ಬೀಜದ ಗಂಟು, ಹೆಂಡತಿಗೆ ಕೊಟ್ಟ ಮಾತು ಎರಡೂ ಕಣ್ಣ ಮುಂದೆ ಬಂದವು. ಇಂದು ಬಿಟ್ಟರೆ ಮುಗಿಯಿತು ಎನಿಸಿತು.

"ಮೇಡಮ್ಮಾರ, ನನ್ನ ಹೊರಗ ಹಾಕೂದಾದ್ರ ಹಾಕ್ರಿ. ಆದ್ರ ನಾ ಹೇಳೂದು ಕೇಳಿ ಹಾಕ್ರಿ." ಈಶ್ವರಮ್ಮ ಕಿತ್ತಿದ್ದ ಗಿಡವನ್ನು ಎತ್ತಿ ಹಿಡಿದ. ಬೇರಿನ ಒಂದು ಗಂಟನ್ನು ಉಗುರಿನಿಂದ ಸೀಳಿದ. "ನೋಡ್ರಿ, ಒಳಗ ಹೆಂಗ ಕೆಂಪಗ ಐತಿ. ರೋಗ ಇದ್ರ ಹಿಂಗ ಇರತದೇನು? ಗಾಳಿಯೊಳಗಿನ ಸತ್ವ ಹಿಡದು ಗಿಡಕ್ಕ ಗೊಬ್ಬರ ಮಾಡಿ ಕೊಡೂದು ಈ ಗಂಟ. ಗಿಡ ತಾನೂ ಉಣ್ಣತದ, ಬೇರು ಸೊಪ್ಪು ಮಣ್ಣಾಗ ಕೊಳತ ಮ್ಯಾಲ ಮುಂದ ಬರೂ ಬೆಳಿಗೂ ಉಣಸತದ. ಒಂದ ಚೀಲ ಯೂರಿಯಾ ತರೂದು ಬ್ಯಾಡ."

"ಮತ್ತೆ ಟೊಮೆಟೊ ಯಾಕೆ ಬೇಡ?" ಎಂದರು ಈಶ್ವರಮ್ಮ. ಅವರು ಬಿಡುವವರಲ್ಲ.

"ಎರಡನೇ ಸಲದ ಟೊಮೆಟೊ ಹೆಂಗಿತ್ತು, ನೀವ ಹೇಳ್ರಿ ಅಮ್ಮಾರ."

"ಹುಳ ಇತ್ತು" ಎಂದು ಈಶ್ವರಮ್ಮ ಒಪ್ಪಿಕೊಂಡರು.

"ಮತ್ತ! ಟೊಮೆಟೊ ಹುಳಕ್ಕ ವರ್ಷಾ ಅಲ್ಲೇ ಊಟ ಬಡಿಸಿದ್ರ ಅದು ಎಲ್ಲಿ ಹೋಗತೈತಿ? ಮನಿ ಮಾಡಿ ಮಕ್ಕಳು ಮರಿ ಹಡೀತೈತಿ. ಬೆಳಿ ಬದಲಿ ಮಾಡಿದ್ರ ಉಪಾಸ ಬಿದ್ದು ಓಡತೈತಿ. ಔಷಧದ ಖರ್ಚು ಉಳೀತು." ಅವನು ಬಗ್ಗಿ ಒಂದು ಬೊಗಸೆ ಮಣ್ಣು ಎತ್ತಿ ಕಮಲಾದೇವಿಯ ಮುಂದೆ ಹಿಡಿದ. "ಇಲ್ಲಿ ಮೊದಲ ಬರೇ ಗಾರಿ ಚೂರು ಇತ್ತಲ್ರಿ. ಈಗ ಮುಟ್ಟಿ ನೋಡ್ರಿ."

ಕಮಲಾದೇವಿ ಅಳುಕುತ್ತಲೇ ಮುಟ್ಟಿದರು. ಮಣ್ಣು ಕೈಯಲ್ಲಿ ಹುರಿಹಿಟ್ಟಿನ ಹಾಗೆ ಪುಡಿಯಾಯಿತು. ಒಂದು ಎರೆಹುಳು ಬೆರಳ ಸಂದಿಯಿಂದ ಇಣುಕಿತು. ಹೊಸಕೋಟೆಯ ಹೊಲದ ಮಣ್ಣು ನೆನಪಾಗಿರಬೇಕು, ಅವರ ಮುಖ ಸ್ವಲ್ಪ ಮೆತ್ತಗಾಯಿತು.

ಮುತ್ತುರಾಜರು ಹಣೆ ಗಂಟಿಕ್ಕಿ ಬಹಳ ಹೊತ್ತು ಯೋಚಿಸುತ್ತಿದ್ದವರು, ಇದ್ದಕ್ಕಿದ್ದ ಹಾಗೆ ಕೈ ತಟ್ಟಿದರು. "ಓಹೋ! ಇದು ಶಿಫ್ಟ್ ಸಿಸ್ಟಮ್ಮು! ಇಷ್ಟೊತ್ತು ಅದನ್ನ ಹೇಳ್ಬಾರ್ದೇನ್ರೀ!"

ಹನಮಂತನಿಗೆ ದೇವರೇ ಬಂದು ಬಾಯಿಗೆ ಸಕ್ಕರೆ ಹಾಕಿದಷ್ಟು ಖುಷಿಯಾಯಿತು. "ಹೌದ್ರಿ ಸರ, ಶಿಫ್ಟ! ಖರೇ ಅದ ಐತಿ! ಟೊಮೆಟೊದ್ದು ಒಂದು ಶಿಫ್ಟ ಮುಗೀತು, ಹೆಸರಿಂದು ಒಂದು ಶಿಫ್ಟ, ಆಮ್ಯಾಲ ಇನ್ನೊಂದು. ಹೆಸರಿನ ಮ್ಯಾಲ ಏನ್ ಹಾಕಿದ್ರೂ ಬಂಗಾರದಂಗ ಬರತೈತಿ! ಮೂರ ನಾಕ ಬೆಳಿ ಆದ ಮ್ಯಾಲ ಭೂಮಿಗೂ ಒಂದು ಹಂಗಾಮ ರಜಾ!"

"ವೀಕ್ಲಿ ಆಫು" ಎಂದು ಮುತ್ತುರಾಜರು ತಲೆದೂಗಿದರು. "ಕರೆಕ್ಟು. ಒಬ್ಬನನ್ನೇ ಒಂದೇ ಮೆಷಿನ್ ಮೇಲೆ ಹಾಕಿದ್ರೆ ಮೆಷಿನ್ನೂ ಹಾಳು, ಮನುಷ್ಯನೂ ಹಾಳು."

ಮುತ್ತುರಾಜರ ತಲೆ ಆಡಿದ ಮೇಲೆ ಬೀದಿಯ ತಲೆಗಳೆಲ್ಲ ಆಡತೊಡಗಿದವು. ಫಿನಾಯಿಲಿನ ಕ್ಯಾನು ವಾಪಸು ಹೋಯಿತು. ಇಲ್ಲಿಗೆ ಹನಮಂತ ಬಾಯಿ ಮುಚ್ಚಬೇಕಿತ್ತು. ಆದರೆ ಬೆಳಗಿನಿಂದ ಬೈಸಿಕೊಂಡವನಿಗೆ ಮೊದಲ ಸಲ ಜನ ತಲೆದೂಗಿದರೆ ಬಾಯಿ ಮುಚ್ಚುತ್ತದೆಯೇ? ಅವನು ಟೊಮೆಟೊ ಸಸಿಯ ತಟ್ಟೆಯ ಪಕ್ಕದಲ್ಲಿದ್ದ ಕಲ್ಲಿನ ಮೇಲೆ ಹತ್ತಿ ನಿಂತ.

"ಯಾರಾದ್ರೂ ಆಗ್ಲಿ, ಒಂದ ಜಾಗಾ ನಂದ ಅಂತ ಹಿಡಕೊಂಡು ಕುಂದ್ರಬಾರದ್ರಿ!" ಎಂದು ಕೈ ಬೀಸಿದ. "ಟೊಮೆಟೊ ಆಗ್ಲಿ, ಜ್ವಾಳ ಆಗ್ಲಿ! ತನ್ನ ಪಾಳಿ ಮುಗೀತಂದ್ರ ಎದ್ದು ಇನ್ನೊಬ್ಬರಿಗೆ ಬಿಟ್ಟು ಕೊಡಬೇಕು! ಬಿಟ್ಟು ಕೊಟ್ಟ ಹೋದವರಿಗೇ ಭೂಮಿ ಮರ್ಯಾದಿ ಕೊಡತೈತಿ! ಇದನ್ನ ಯಾರ ಮುಂದ ಬೇಕಾದ್ರೂ ಹೇಳತೀನಿ, ಯಾರಿಗೂ ಅಂಜಂಗಿಲ್ಲ!"

ಚಪ್ಪಾಳೆ ಬಿತ್ತು. ಅನ್ನಪೂರ್ಣ ಕೊಡೆ ಮಡಚಿ ಕಣ್ಣೊರೆಸಿಕೊಂಡಳು. ಕಮಲಾದೇವಿಯಂತೂ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅವರ ಮುಖದ ಮೇಲೆ ಎಷ್ಟೋ ವರ್ಷದ ಭಾರ ಇಳಿದ ಹಾಗೆ ಬೆಳಕಿತ್ತು.

"ಎಂಥಾ ಮಾತು ಹೇಳ್ದೆಯಪ್ಪ!" ಎಂದರು. "ನನ್ನ ಭಯನೂ ಅದೇ ಕಣಪ್ಪ. ಒಬ್ಬರೇ ವರ್ಷಗಟ್ಲೆ ಒಂದೇ ನೆಲ ಉತ್ರೆ ಆಮೇಲೆ ಯಾರಿಂದ್ಲೂ ಎಬ್ಬಿಸೋಕಾಗಲ್ಲ. ಪಾಳಿ ಬದಲಾಗ್ತಾ ಇದ್ರೆ ಆ ಭಯವೇ ಇಲ್ಲ. ನಿನ್ನ ಬಾಯಿಂದಾನೇ ಬಂತಲ್ಲ, ನೀನು ಸಣ್ಣ ಮನುಷ್ಯ ಅಲ್ಲ."

"ಏನ್ ಬಂತ್ರಿ?" ಎಂದ ಹನಮಂತ, ಕಲ್ಲಿನ ಮೇಲಿನಿಂದಲೇ.

ಅಷ್ಟರಲ್ಲಿ ಮುತ್ತುರಾಜರು ಸೀಟಿ ಊದಿಯಾಗಿತ್ತು. ಮೂವತ್ತು ವರ್ಷದ ಅಭ್ಯಾಸ, ಪಾಳಿ ಹಂಚುವುದು ಅವರಿಗೆ ಉಸಿರಾಡಿದಷ್ಟು ಸಲೀಸು. "ಸೈಲೆನ್ಸ್! ಹನುಮಂತಪ್ಪನವರ ಶಿಫ್ಟು ಹೆಸರು ಬಿಡಿಸೋ ದಿನಕ್ಕೆ ಮುಗಿಯುತ್ತೆ. ಮುಂದಿನ ಶಿಫ್ಟು ಈಶ್ವರಮ್ಮನವರು. ಅದಾದ್ಮೇಲೆ ನಾನು. ನನ್ನ ನಂತರ ಮೂಲೆ ಮನೆ ಪಾರವ್ವನವರು."

"ಮತ್ತ ನಂದು?" ಹನಮಂತ ಕಲ್ಲಿನಿಂದ ಇಳಿದ.

"ನಿಮ್ಮದು ಎಲ್ಲಕ್ಕಿಂತ ಮುಖ್ಯವಾದ ಶಿಫ್ಟು. ಭೂಮಿಗೆ ರಜ ಕೊಡ್ಬೇಕು ಅಂದ್ರಲ್ಲ, ಆ ವೀಕ್ಲಿ ಆಫು ನಿಮ್ಮ ಚಾರ್ಜು. ನಾವ್ಯಾರಾದ್ರೂ ಆಗಿದ್ರೆ ಆಸೆ ತಡೀದೆ ಏನಾದ್ರೂ ಹಾಕ್ಬಿಡ್ತೀವಿ. ಏನೂ ಹಾಕದೆ ಸುಮ್ನಿರೋದಕ್ಕೆ ತಿಳಿದವರೇ ಬೇಕು."

"ಸರ, ಶಿಫ್ಟ ಅಂದದ್ದು ಬೆಳಿಗೆ ರೀ! ಮನಶ್ಯಾರಿಗಲ್ಲ!"

"ಯಾರಾದ್ರೂ ಆಗ್ಲಿ ಅಂದ್ರಲ್ರೀ ನೀವೇ, ಕಲ್ಲು ಹತ್ತಿ!"

ಬೀದಿಯವರೆಲ್ಲ ಹೌದು ಹೌದು ಎಂದರು. ಹನಮಂತ ಕಮಲಾದೇವಿಯ ಕಡೆ ತಿರುಗಿದ. ಅವರು ಆಗಲೇ ಆಟೋ ಹತ್ತಿ ಅವನಿಗೆ ಕೈಮುಗಿಯುತ್ತಿದ್ದರು.

"ಅಮ್ಮಾರ," ಎಂದು ಕೊನೆಗೆ ಈಶ್ವರಮ್ಮನವರನ್ನು ಕೇಳಿದ, "ನಿಮ್ಮ ಪಾಳಿಯೊಳಗ ಜ್ವಾಳನಾದ್ರೂ ಹಾಕ್ತೀರೇನು?"

"ಜೋಳಾನಾ? ಹೆಸರಿನ ಮೇಲೆ ಏನು ಹಾಕಿದ್ರೂ ಬಂಗಾರದಂಗೆ ಬರುತ್ತೆ ಅಂತ ನೀವೇ ಹೇಳಿದ್ರಿ." ಈಶ್ವರಮ್ಮ ತಟ್ಟೆ ಎತ್ತಿಕೊಂಡು ಮಣ್ಣು ಕೊಡವಿದರು. "ಟೊಮೆಟೊ ಹಾಕ್ತೀನಿ. ನೀವು ಯೋಚ್ನೆ ಮಾಡ್ಬೇಡಿ, ನಿಮಗೂ ನಾಲ್ಕು ಕೊಡ್ತೀನಿ."

ಹನಮಂತ ಮಹಡಿಗೆ ಬಂದು ಸೋಪು ಕರಗುವವರೆಗೆ ಮೈ ಉಜ್ಜಿದ. ಫಿನಾಯಿಲಿನ ವಾಸನೆ ಹೋಗಲಿಲ್ಲ. ಹೆಂಡತಿಯ ಮುಖ ನೋಡುವ ಧೈರ್ಯವೂ ಬರಲಿಲ್ಲ. ಅನ್ನಪೂರ್ಣ ಮಾತ್ರ ಜೋಳದ ಗಂಟನ್ನು ತಂದು ಅವನ ಮುಂದೆ ಕುಕ್ಕಿದಳು.

"ತಾರಸಿ ಮ್ಯಾಲ ಒಂದು ಹಳೇ ಡ್ರಮ್ಮು ಬಿದ್ದೈತಿ. ಅದಕ್ಕ ಮಣ್ಣು ತುಂಬ್ರಿ."

"ಡ್ರಮ್ಮಿನಾಗ ಬೆಳದ ಜ್ವಾಳದಾಗ ಎಷ್ಟ ರೊಟ್ಟಿ ಆದಾವು?"

"ಒಂದ ಆಗ್ಲಿ! ಒಂದ ರೊಟ್ಟಿ ಸಾಕು ನನಗ. ಅವರ ಟೊಮೆಟೊ ಸಾರಿನ ಮುಂದನ ಕುಂತು ಬಡೀತೀನಿ!"

ಆ ಮಾತಿಗೆ ಹನಮಂತನ ಬೆನ್ನು ನೆಟ್ಟಗಾಯಿತು. ಸಂಜೆಯೊಳಗೆ ಡ್ರಮ್ಮಿಗೆ ತೂತು ಕೊರೆದ, ಬುಟ್ಟಿ ಬುಟ್ಟಿ ಮಣ್ಣನ್ನು ತನ್ನ ಪಾಳಿ ಮುಗಿಯದ ಸೈಟಿನಿಂದಲೇ ಹೊತ್ತು ತಂದ. ಯಾರು ಕೇಳುತ್ತಾರೋ ಕೇಳಲಿ ಎಂದು ಎದೆಯುಬ್ಬಿಸಿ, ಇಡೀ ಬೀದಿಗೆ ಕಾಣುವ ಹಾಗೆ ತಾರಸಿಯ ಅಂಚಿನಲ್ಲಿ ನಿಂತು ಜೋಳದ ಕಾಳು ಊರತೊಡಗಿದ.

ಕೆಳಗಿನಿಂದ ಈಶ್ವರಮ್ಮನವರ ಕೂಗು ಬಂತು.

"ಹನುಮಂತಪ್ಪಾ! ಜೋಳ ಹಾಕ್ತಿದ್ದೀರಾ? ಹಾಕಿ ಹಾಕಿ, ಪಾಪ. ಆದ್ರೆ ಡ್ರಮ್ಮು ನಮ್ಮನೇದು, ನೆನಪಿರ್ಲಿ. ಜೋಳ ಆದ್ಮೇಲೆ ಮತ್ತೆ ಜೋಳನೇ ಹಾಕಿ ಮಣ್ಣು ಕೆಡಿಸ್ಬೇಡಿ. ಅದಾದ್ಮೇಲೆ ಟೊಮೆಟೊ ಶಿಫ್ಟು!"

ಬೀದಿಯ ತುದಿಯಲ್ಲಿ ಮುತ್ತುರಾಜರು ಸೀಟಿ ಊದಿದರು.